ಗುಂಡಿಯ ಮೇಲೊಂದು ಗುಂಡಿ

ಪ್ರಶ್ನೆ: ನನ್ನ ಹತ್ತಿರ ಫ್ಯೂಜಿಫಿಲ್ಮ್ ಎಕ್ಸ್-ಟಿ3 ಕ್ಯಾಮೆರಾ ಇದೆ, ಜೊತೆಗೆ 35 ಎಂಎಂ ಎಫ್/2 ಲೆನ್ಸ್. ಟ್ರೈಪಾಡ್ ಒಯ್ಯುವ ಅಭ್ಯಾಸ ಇಲ್ಲ. ಸಂಜೆ ಹೊತ್ತು, ಮನೆಯೊಳಗೆ ತೆಗೆದ ಫೋಟೋಗಳು ಚಿಕ್ಕದಾಗಿ ನೋಡಿದಾಗ ಚೆನ್ನಾಗಿಯೇ ಇರುತ್ತವೆ. ದೊಡ್ಡದು ಮಾಡಿದರೆ ಸ್ವಲ್ಪ ಕದಡಿದ ಹಾಗೆ ಕಾಣುತ್ತವೆ. ಶಟರ್ ಬಟನ್ ಮೇಲೆ ತಿರುಗಿಸಿ ಕೂರಿಸುವ ಪುಟ್ಟ ಲೋಹದ ಗುಂಡಿ ಸಿಗುತ್ತದಂತೆ. ಅದನ್ನು ಹಾಕಿಕೊಂಡರೆ ಕೈ ಅಲುಗುವುದಿಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ನಿಜವಾ? ನಿಜವಾದರೆ ಯಾವ ಥರದ್ದು ತಗೊಳ್ಳಲಿ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಅರ್ಧ ನಿಜ. ಆ ಗುಂಡಿ ಕೈ ಅಲುಗುವುದನ್ನು ನಿಲ್ಲಿಸುವುದಿಲ್ಲ. ಬೆರಳು ಒತ್ತುವಾಗ ಕ್ಯಾಮೆರಾಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡಬಹುದು, ಅಷ್ಟೇ. ಇವೆರಡೂ ಬೇರೆ ಬೇರೆ ರೋಗ. ನಿಮ್ಮದು ಯಾವುದು ಎಂದು ಗೊತ್ತಾಗದೆ ದುಡ್ಡು ಕೊಡಬೇಡಿ. ಗೊತ್ತು ಮಾಡಿಕೊಳ್ಳಲು ಹತ್ತು ನಿಮಿಷ ಸಾಕು, ಸಾಮಾನೇನೂ ಬೇಡ.

ಸಣ್ಣ ಅಕ್ಷರ ಇರುವ ಒಂದು ದೊಡ್ಡ ಕಾಗದವನ್ನು ಗೋಡೆಗೆ ಅಂಟಿಸಿ. ಹಳೆಯ ಪೇಪರ್ ಹಾಳೆಯಾದರೂ ಆಯಿತು, ಫೋಟೋದ ಅಂಚಿನವರೆಗೂ ಅಕ್ಷರ ಬರಬೇಕು. ಎಷ್ಟು ದೂರ ನಿಂತರೆ ಹಾಳೆ ಚೌಕಟ್ಟು ತುಂಬುತ್ತದೋ ಅಷ್ಟು ದೂರ ನಿಲ್ಲಿ. ಲೆನ್ಸನ್ನು ಎಫ್/5.6ಕ್ಕೆ ಇಡಿ, ಶಟರ್ ಡಯಲ್ 1/30 ಸೆಕೆಂಡಿಗೆ, ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) ಆಟೋ. ಒಂದು ಸಲ ಫೋಕಸ್ ಮಾಡಿ, ಕ್ಯಾಮೆರಾದ ಮುಂದುಗಡೆ ಇರುವ ಫೋಕಸ್ ಸ್ವಿಚ್ಚನ್ನು ಎಂ (ಮ್ಯಾನ್ಯುಯಲ್) ಕಡೆ ತಿರುಗಿಸಿಬಿಡಿ. ಇಲ್ಲದಿದ್ದರೆ ಫೋಕಸ್ ತಪ್ಪಿದ್ದಾ, ಕೈ ಅಲುಗಿದ್ದಾ ಎನ್ನುವ ಗೊಂದಲ ಉಳಿಯುತ್ತದೆ. ಈಗ ನೀವು ಯಾವಾಗಲೂ ತೆಗೆಯುವ ಹಾಗೆಯೇ ಹನ್ನೆರಡು ಫೋಟೋ ತೆಗೆಯಿರಿ. ವಿಶೇಷ ಎಚ್ಚರ ಬೇಡ, ಪರೀಕ್ಷೆ ಅಂತ ಉಸಿರು ಬಿಗಿಹಿಡಿಯುವುದೂ ಬೇಡ. ಆಮೇಲೆ 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ. ಅದೇ ಜಾಗದಲ್ಲಿ, ಅದೇ ರೀತಿ ಕೈಯಲ್ಲೇ ಹಿಡಿದು ಇನ್ನೊಂದು ಹನ್ನೆರಡು. ಬಟನ್ ಒತ್ತಿ, ಬೆರಳು ತೆಗೆದು, ಸುಮ್ನೆ ಹಿಡಿದುಕೊಂಡಿರಿ. ಎರಡು ಸೆಕೆಂಡ್ ಆದ ಮೇಲೆ ಕ್ಯಾಮೆರಾ ತಾನೇ ಹೊಡೆದುಕೊಳ್ಳುತ್ತದೆ.

ಎರಡನೇ ಸಾಲಿನ ಫೋಟೋಗಳಲ್ಲಿ ನಿಮ್ಮ ಬೆರಳಿನ ಪಾತ್ರವೇ ಇಲ್ಲ. ಉಳಿದಿರುವುದು ಉಸಿರು, ತೋಳಿನ ನಡುಕ, ಮೈ ತೂಗಾಟ ಮಾತ್ರ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ನೂರಕ್ಕೆ ನೂರು ಸೈಜಿನಲ್ಲಿ ನೋಡಿ. ನಡುಭಾಗವನ್ನಷ್ಟೇ ಅಲ್ಲ, ನಾಲ್ಕೂ ಮೂಲೆ ನೋಡಿ. ಟೈಮರ್ ಸಾಲಿನಲ್ಲಿ ಚೆನ್ನಾಗಿರುವ ಫೋಟೋಗಳು ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ತಪ್ಪು ಬೆರಳಿನದ್ದು, ಗುಂಡಿ ನಿಮಗೆ ಉಪಯೋಗಕ್ಕೆ ಬರಬಹುದು. ಎರಡೂ ಸಾಲು ಒಂದೇ ಥರ ಕದಡಿದ್ದರೆ ತಪ್ಪು ತೋಳಿನದ್ದು, ಇಲ್ಲವೇ ಶಟರ್ ವೇಗದ್ದು. ಆಗ ಯಾವ ಗುಂಡಿ ಹಾಕಿದರೂ ಅಷ್ಟೇ. ಎರಡೂ ಸಾಲು ಚೆನ್ನಾಗಿಯೇ ಬಂದರೆ ನಿಮ್ಮ ಸಂಜೆಯ ಫೋಟೋಗಳ ಕಥೆ ಬೇರೆ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಮೊದಲ ಸಲ ಈ ಪರೀಕ್ಷೆ ಮಾಡಿಕೊಂಡಾಗ ಸ್ವಲ್ಪ ನಾಚಿಕೆಯೇ ಆಯಿತು. ವರ್ಷಗಟ್ಟಲೆ ಕ್ಯಾಮೆರಾ ಹಿಡಿದವನು, ನನ್ನ ಕೈ ಗಟ್ಟಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡವನು. ಟೈಮರ್ ಸಾಲು ಶುಭ್ರವಾಗಿತ್ತು. ಬೆರಳಿನ ಸಾಲಿನಲ್ಲಿ ಅರ್ಧಕ್ಕರ್ಧ ಎಸೆಯುವ ಹಾಗಿತ್ತು. ಕೈ ಗಟ್ಟಿಯೇ ಇತ್ತು, ಬೆರಳು ಮಾತ್ರ ಒರಟು.

ಒಂದು ಬೆರಳು ಇಷ್ಟೆಲ್ಲ ಮಾಡುತ್ತದಾ ಅನ್ನಿಸಬಹುದು. ಲೆಕ್ಕ ಹಾಕಿಯೇ ನೋಡೋಣ. ಶಟರ್ ಬಟನ್ ಇರುವುದು ಕ್ಯಾಮೆರಾದ ಬಲತುದಿಯಲ್ಲಿ, ಲೆನ್ಸಿನ ನಡುವಿನಿಂದ ಸುಮಾರು 4 ಸೆಂಟಿಮೀಟರ್ ಆಚೆ. ಅಲ್ಲಿ ಕೆಳಕ್ಕೆ ಒತ್ತಿದರೆ ತಕ್ಕಡಿಯ ಒಂದು ತಟ್ಟೆ ಇಳಿದ ಹಾಗೆ ಬಲಭಾಗ ಇಳಿಯುತ್ತದೆ. ಎಷ್ಟು ಇಳಿಯುತ್ತದೆ? ಬರೀ ಒಂದು ತಲೆಕೂದಲಿನ ದಪ್ಪ, ಅಂದರೆ 0.07 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 40 ಮಿಲಿಮೀಟರಿಗೆ 0.07 ಇಳಿದರೆ, ಸೆನ್ಸರಿನ ನಡುವಿನಿಂದ ಸುಮಾರು 12 ಮಿಲಿಮೀಟರ್ ದೂರದ ಅಂಚಿನಲ್ಲಿ ಚಿತ್ರ 0.02 ಮಿಲಿಮೀಟರ್ ಜಾರುತ್ತದೆ. ನಿಮ್ಮ ಎಕ್ಸ್-ಟಿ3 ಸೆನ್ಸರಿನ ಅಗಲ 23.5 ಮಿಲಿಮೀಟರ್, ಅದರಲ್ಲಿ 6240 ಪಿಕ್ಸೆಲ್. ಒಂದೊಂದು ಪಿಕ್ಸೆಲ್ 0.004 ಮಿಲಿಮೀಟರಿಗಿಂತ ಚಿಕ್ಕದು. ಅಂದರೆ ಕೂದಲೆಳೆಯಷ್ಟು ಇಳಿದರೂ ಅಂಚಿನಲ್ಲಿ ಐದಾರು ಪಿಕ್ಸೆಲ್ ಉದ್ದಕ್ಕೆ ಚಿತ್ರ ಸವರಿಹೋಗುತ್ತದೆ. ಅಕ್ಷರ ಓದಲು ಬರುತ್ತದೆ, ಆದರೆ ಕದಡಿರುತ್ತದೆ. ನೀವು ಹೇಳಿದ ಲಕ್ಷಣ ಇದೇ ಅಲ್ವಾ?

ಈ ಅಲುಗಾಟಕ್ಕೆ ಒಂದು ವಿಚಿತ್ರ ಗುಣ ಇದೆ. ಅದು ಚಿತ್ರವನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸುತ್ತದೆ. ಮುಳ್ಳಿನ ಬುಡ ಅಲ್ಲೇ ಇರುತ್ತದೆ, ತುದಿ ಓಡುತ್ತದೆ. ಹಾಗಾಗಿ ಫೋಟೋದ ನಡುಭಾಗ ಸ್ಪಷ್ಟವಾಗಿದ್ದು, ಅಂಚುಗಳು ಮಾತ್ರ ಕಮಾನಿನಂತೆ ಎಳೆದುಕೊಂಡಿದ್ದರೆ ಬಟನ್ ಒತ್ತಿದ ಬೆರಳನ್ನೇ ಮೊದಲು ಅನುಮಾನಿಸಬೇಕು. ಲೆನ್ಸಿನ ಅಂಚೇ ಮೆತ್ತಗಿದೆಯೇನೋ ಎಂಬ ಸಂಶಯ ಬಂದರೆ ಟೈಮರ್ ಸಾಲನ್ನು ನೋಡಿ. ಲೆನ್ಸಿನ ದೋಷ ಅಲ್ಲೂ ಇರುತ್ತದೆ, ಬೆರಳಿನ ದೋಷ ಇರುವುದಿಲ್ಲ. ನಿಜವಾಗಿ ಒತ್ತುವಾಗ ಕ್ಯಾಮೆರಾದ ಮೂತಿ ಸ್ವಲ್ಪ ಕೆಳಕ್ಕೆ ಬಾಗುವುದೂ ಉಂಟು. ಆಗ ಇಡೀ ಚಿತ್ರ ಮೇಲೆ ಕೆಳಗೆ ಎಳೆದುಕೊಳ್ಳುತ್ತದೆ. ಆದರೆ ಈ ತಿರುಗುವ ಅಲುಗಾಟವನ್ನು ಜನ ಮರೆಯುತ್ತಾರೆ. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್, ಅಂದರೆ ಅಲುಗಾಟ ತಡೆಯುವ ವ್ಯವಸ್ಥೆ, ಇದನ್ನು ಸರಿಮಾಡಲಾರದು. ಅದಕ್ಕೆ ಗೊತ್ತಿರುವುದು ಮೇಲೆ ಕೆಳಗೆ, ಎಡ ಬಲ ಮಾತ್ರ. ತಿರುಗುವಿಕೆಯನ್ನು ಹಿಡಿಯಲು ಸೆನ್ಸರನ್ನೇ ಅಲ್ಲಾಡಿಸುವ ಐದು ಅಕ್ಷದ ವ್ಯವಸ್ಥೆ ಬೇಕು. ನಿಮ್ಮ ಕ್ಯಾಮೆರಾದಲ್ಲಿ ಅದಿಲ್ಲ, ಆ ಲೆನ್ಸಿನಲ್ಲೂ ಸ್ಟೆಬಿಲೈಸೇಶನ್ ಇಲ್ಲ. ಬೆರಳಿನ ಪೆಟ್ಟು ಪೂರ್ತಿಯಾಗಿ ಫೋಟೋದ ಮೇಲೇ ಬೀಳುತ್ತದೆ.

ಇನ್ನೊಂದು ಮಾತು. ಫೋಕಲ್ ಲೆಂತ್ (ಲೆನ್ಸಿನ ಮೇಲೆ ಬರೆದಿರುವ ಎಂಎಂ ಅಂಕಿ) ಎಷ್ಟಿದೆಯೋ ಶಟರ್ ವೇಗ ಕಡೇಪಕ್ಷ ಅಷ್ಟನೇ ಒಂದು ಭಾಗ ಇರಬೇಕು ಎಂಬ ಹಳೆಯ ಲೆಕ್ಕ ಎಲ್ಲರಿಗೂ ಗೊತ್ತು. ತಿರುಗುವ ಅಲುಗಾಟಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಲೆನ್ಸ್ ಅಗಲವಾದರೂ ಅದು ಕಡಿಮೆಯಾಗುವುದಿಲ್ಲ. 16 ಎಂಎಂ ಲೆನ್ಸ್ ಇದೆ, 1/15ರಲ್ಲಿ ಆರಾಮಾಗಿ ಹೊಡೆಯಬಹುದು ಎಂದು ನಂಬಿದವರ ಫೋಟೋಗಳಲ್ಲಿ ಮೂಲೆಗಳೇ ಮೊದಲು ಹೋಗುವುದು ಬಹಳ ಸಲ ಇದೇ ಕಾರಣಕ್ಕೆ.

ಈಗ ಗುಂಡಿಗೆ ಬರೋಣ. ಅಂಗಡಿಯವರು ಇದನ್ನು ಸಾಫ್ಟ್ ರಿಲೀಸ್ ಬಟನ್ ಎನ್ನುತ್ತಾರೆ. ಹಿತ್ತಾಳೆ ಇಲ್ಲವೇ ಅಲ್ಯೂಮಿನಿಯಂನ ಸಣ್ಣ ಬಿಲ್ಲೆ, ಅಡಿಯಲ್ಲಿ ಪುಟ್ಟ ತಿರುಪು. ಇದೇನು ಹೊಸ ಫ್ಯಾಶನ್ ಅಲ್ಲ. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾಗೆ ನಿಕಾನ್ ಕಂಪನಿಯೇ ಎಆರ್-1 ಎಂಬ ಸಾಫ್ಟ್ ರಿಲೀಸ್ ಮಾಡಿ ಮಾರುತ್ತಿತ್ತು. ಹೆಸರಲ್ಲಿ ಸಾಫ್ಟ್ ಇದ್ದರೂ ಒಳಗಿನ ಸ್ಪ್ರಿಂಗ್ ಒಂದಿಷ್ಟೂ ಹಗುರಾಗುವುದಿಲ್ಲ. ಬಟನ್ ಇಳಿಯಬೇಕಾದ ಆಳವೂ ಕಡಿಮೆಯಾಗುವುದಿಲ್ಲ. ಬದಲಾಗುವುದು ನೀವು ಒತ್ತುವ ರೀತಿ.

ಬರೀ ಬಟನ್ ಇದ್ದಾಗ ಬೆರಳು ಸಹಜವಾಗಿ ಬಾಗುತ್ತದೆ, ತುದಿ ಕೆಳಗೆ ಕುಕ್ಕುತ್ತದೆ. ಹಕ್ಕಿ ಕಾಳು ಹೆಕ್ಕಿದ ಹಾಗೆ. ನಿಮ್ಮ ಕ್ಯಾಮೆರಾದಲ್ಲಿ ಬಟನ್ ಸುತ್ತ ಆನ್-ಆಫ್ ಸ್ವಿಚ್ಚಿನ ಬಳೆ ಇದೆ, ಆದ್ದರಿಂದ ತುದಿಯನ್ನು ಅದರೊಳಗೆ ಇಳಿಸಲೇಬೇಕು ಅನ್ನಿಸುತ್ತದೆ. ಗುಂಡಿ ಕೂತರೆ ಒತ್ತುವ ಜಾಗ ಎರಡು ಮೂರು ಮಿಲಿಮೀಟರ್ ಮೇಲೇಳುತ್ತದೆ, ಅಗಲವೂ ಆಗುತ್ತದೆ. ಆಗ ಬೆರಳನ್ನು ಬಾಗಿಸದೆ ಚಪ್ಪಟೆಯಾಗಿ ಮಲಗಿಸಬಹುದು. ಒತ್ತುವುದು ತುದಿಯಿಂದ ಅಲ್ಲ, ಮೊದಲ ಗೆಣ್ಣಿನ ಅಡಿಯ ಮೆತ್ತನೆ ಭಾಗದಿಂದ. ಮಲಗಿದ ಮಗುವಿಗೆ ಜ್ವರ ಇದೆಯಾ ಎಂದು ಹಣೆ ಮುಟ್ಟಿ ನೋಡುತ್ತೇವಲ್ಲ, ಅಷ್ಟು ನಿಧಾನ. ಬೆರಳ ತುದಿ ಕ್ಯಾಮೆರಾದ ಮೇಲೆಯೇ ಊರಿಕೊಂಡಿರಲಿ. ಗೆಣ್ಣು ಮಾತ್ರ ನಿಧಾನವಾಗಿ ಕೆಳಗಿಳಿಯಲಿ. ಬಲ ಕ್ಯಾಮೆರಾದ ಮೇಲೆ ಬೀಳುವುದಿಲ್ಲ, ಕೈಯೊಳಗೇ ಹಂಚಿಹೋಗುತ್ತದೆ.

ಇದರ ಜೊತೆ ಇನ್ನೊಂದು ಉಪಾಯ ಇದೆ, ಇದಕ್ಕೆ ದುಡ್ಡೂ ಬೇಡ. ಬಲಗೈಯ ಕಿರುಬೆರಳನ್ನು ಕ್ಯಾಮೆರಾದ ಅಡಿಗೆ, ಬಟನ್ನಿನ ನೇರ ಕೆಳಗೆ ಕೊಡಿ. ಮೇಲಿನಿಂದ ತೋರುಬೆರಳು ಒತ್ತಿದಷ್ಟನ್ನು ಕೆಳಗಿನಿಂದ ಕಿರುಬೆರಳು ತಡೆಯುತ್ತದೆ. ತಕ್ಕಡಿ ಇಳಿಯುವುದೇ ಇಲ್ಲ. ಎಕ್ಸ್-ಟಿ3ಯಂಥ ಚಿಕ್ಕ ಕ್ಯಾಮೆರಾದಲ್ಲಿ ಕಿರುಬೆರಳಿಗೆ ಹೇಗೂ ಜಾಗ ಸಾಲುವುದಿಲ್ಲ, ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಅದಕ್ಕೊಂದು ಕೆಲಸ ಸಿಕ್ಕಿದ ಹಾಗಾಯಿತು. ನನ್ನ ಅನುಭವದಲ್ಲಿ ಗುಂಡಿಗಿಂತ ಈ ಕಿರುಬೆರಳೇ ಹೆಚ್ಚು ಉಪಕಾರ ಮಾಡಿದೆ. ಎರಡೂ ಸೇರಿದರೆ ಇನ್ನೂ ಒಳ್ಳೆಯದು. ಟಕ್ ಎಂದ ಕೂಡಲೇ ಬೆರಳು ಕೀಳಬೇಡಿ. ಒತ್ತಿದ್ದು ಒತ್ತಿದ ಹಾಗೇ ಇಟ್ಟು, ಒಂದು ಎಣಿಸಿ, ಆಮೇಲೆ ಬಿಡಿ. ಬೆಳಕು ತೀರಾ ಕಮ್ಮಿಯಿದ್ದರೆ ಡ್ರೈವ್ ಡಯಲನ್ನು ಸಿಎಲ್‌ಗೆ, ಅಂದರೆ ಒಂದರ ಹಿಂದೊಂದು ನಿಧಾನವಾಗಿ ತೆಗೆಯುವ ಬಗೆಗೆ, ಇಟ್ಟು ಒಂದೇ ಒತ್ತಿಗೆ ಮೂರು ಫೋಟೋ ತೆಗೆಯಿರಿ. ಮೊದಲನೆಯದರಲ್ಲಿ ಒತ್ತಿದ ಪೆಟ್ಟು, ಕೊನೆಯದರಲ್ಲಿ ಬಿಟ್ಟ ಪೆಟ್ಟು. ನಡುವಿನದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಕೊಳ್ಳುವ ವಿಚಾರ. ಬಟನ್ನಿನ ನಡುವೆ ತಿರುಪಿನ ತೂತು ಇದೆಯಾ ಎಂದು ಮೊದಲು ನೋಡಬೇಕು. ಅದು ಕೇಬಲ್ ರಿಲೀಸ್ ಎಂಬ ತಂತಿ ಸಿಕ್ಕಿಸಲು ಮಾಡಿದ ತೂತು. ಕೆಳಗೆ ಹೋದಂತೆ ಕಿರಿದಾಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಇದೆ. ಲೈಕಾ ಎಂ ಸಾಲಿನಲ್ಲಿ, ನಿಕಾನ್ ಡಿಎಫ್‌ನಲ್ಲಿ, ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಇದೆ. ನಾನು ಆಗಲೇ ಹೇಳಿದ ನಿಕಾನ್ ಎಫ್‌ನಲ್ಲಿ ತಿರುಪು ಒಳಗಲ್ಲ, ಬಟನ್ನಿನ ಹೊರಸುತ್ತಿನಲ್ಲಿದೆ. ಅದಕ್ಕೆ ಈಗಿನ ಗುಂಡಿ ಕೂರುವುದಿಲ್ಲ. ಇವತ್ತಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ತೂತೇ ಇಲ್ಲ. ಅವಕ್ಕೆ ಹಿಂದೆ ಅಂಟು ಇರುವ ಬಿಲ್ಲೆ ಸಿಗುತ್ತದೆ. ಅಗಲವೇನೋ ಆಗುತ್ತದೆ, ಬೆವರು ತಾಗಿ ತಾಗಿ ಅಂಟು ಬಿಡುತ್ತದೆ. ನನಗೆ ಅದರ ಮೇಲೆ ಭರವಸೆ ಇಲ್ಲ.

ಆಕಾರದಲ್ಲಿ ಮೂರು ಬಗೆ: ಉಬ್ಬು, ತಗ್ಗು, ಚಪ್ಪಟೆ. ಕನ್ನಡದಲ್ಲಿ ಗುಂಡಿ ಅಂದರೆ ಬಟನ್ನೂ ಹೌದು, ಹಳ್ಳವೂ ಹೌದು. ತಗ್ಗಿನ ಬಿಲ್ಲೆಗೆ ಎರಡು ಅರ್ಥವೂ ಸರಿಹೊಂದುತ್ತದೆ. ಗೆಣ್ಣಿನಿಂದ ಒತ್ತುವವರಿಗೆ ಉಬ್ಬಿದ್ದು ಒಳ್ಳೆಯದು, ಬೆರಳು ಎಲ್ಲಿ ಬಿದ್ದರೂ ಬಲ ನಡುವಿಗೆ ಹೋಗುತ್ತದೆ. ತುದಿಯಿಂದಲೇ ಒತ್ತಿ ಅಭ್ಯಾಸ ಆದವರಿಗೆ ತಗ್ಗು ಹಿತ, ಬೆರಳು ಜಾರುವುದಿಲ್ಲ. ಚಪ್ಪಟೆಯದಕ್ಕೆ ಹೆಚ್ಚು ಹೇಳುವಂಥದ್ದೇನಿಲ್ಲ. ಅಗಲ 10ರಿಂದ 11 ಮಿಲಿಮೀಟರ್ ಸಾಕು. 15ರ ಆಸುಪಾಸಿನದು ನೋಡಲು ಭಾರೀ ಚೆಂದ, ಆದರೆ ನಿಮ್ಮ ಕ್ಯಾಮೆರಾದ ಆನ್-ಆಫ್ ಸ್ವಿಚ್ಚಿನ ಮೇಲೆ ಚಾಚಿಕೊಂಡು ದಿನಕ್ಕೆ ಹತ್ತು ಸಲ ಬೆರಳಿಗೆ ಅಡ್ಡ ಬರುತ್ತದೆ. ಜೊತೆಗೆ ಅಗಲವಾದ ಬಿಲ್ಲೆಯ ಅಂಚನ್ನು ಒತ್ತಿದರೆ ಬಟನ್ ವಾಲುತ್ತದೆ. ಬಣ್ಣ, ಕೆತ್ತನೆ ನಿಮ್ಮಿಷ್ಟ. ಕೆಂಪು ಗುಂಡಿಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಎಂದು ನಂಬುವವರೂ ಇದ್ದಾರೆ, ನಾನು ವಾದಕ್ಕೆ ಹೋಗುವುದಿಲ್ಲ.

ಒಂದನ್ನು ಮಾತ್ರ ಬಿಡಬೇಡಿ. ತಿರುಪಿನ ಬುಡದಲ್ಲಿ ರಬ್ಬರಿನ ಪುಟ್ಟ ಬಳೆ, ಓ-ರಿಂಗ್, ಇರಬೇಕು. ಇಲ್ಲದಿದ್ದರೆ ಗುಂಡಿ ತಾನಾಗಿಯೇ ಸಡಿಲವಾಗಿ ಬಿದ್ದುಹೋಗುತ್ತದೆ. ಬೀಳುವಾಗ ಸದ್ದೂ ಬರುವುದಿಲ್ಲ. ನಾನು ಹೀಗೆ ಮೂರು ಕಳೆದುಕೊಂಡಿದ್ದೇನೆ. ಒಂದು ಮಾತ್ರ ಜೇಬಿನಲ್ಲಿ ಸಿಕ್ಕಿತು, ಬಟ್ಟೆ ಒಗೆದ ಮೇಲೆ. ಓ-ರಿಂಗ್ ಇಲ್ಲದ್ದು ಈಗಾಗಲೇ ಕೈಯಲ್ಲಿದ್ದರೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ತಿರುಪಿಗೆ ಒಂದೇ ಸುತ್ತು ಹಾಕಿ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೊಟ್ಟು ಸವರಿದರೂ ಆದೀತು, ಆದರೆ ಪೂರ್ತಿ ಒಣಗಿದ ಮೇಲೆಯೇ ತಿರುಗಿಸಬೇಕು. ಸೂಪರ್ ಗ್ಲೂ ಥರದ ಗಟ್ಟಿ ಅಂಟನ್ನು ಹತ್ತಿರವೂ ತರಬೇಡಿ. ಒಂದು ಹನಿ ಒಳಗೆ ಜಾರಿದರೆ ಬಟನ್ನೇ ಕಚ್ಚಿಕೊಳ್ಳುತ್ತದೆ. ಆಮೇಲೆ ಗುಂಡಿ ತೆಗೆಯಲು ಹೋದರೆ ಅದರ ಜೊತೆ ಶಟರ್ ಬಟನ್ನೂ ತಿರುಗಿ ಬರಬಹುದು. ಬೆರಳಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಬಿಗಿ. ಇಕ್ಕಳ ಬೇಡ.

ಮೆಕ್ಯಾನಿಕಲ್ ಫಿಲ್ಮ್ ಕ್ಯಾಮೆರಾಗೆ ಹಾಕುವವರು ತಿರುಪಿನ ಉದ್ದವನ್ನೂ ನೋಡಬೇಕು. ಅಲ್ಲಿ ಕೇಬಲ್ಲಿನ ಸೂಜಿ ತೂತಿನೊಳಗೆ ಇಳಿದು ಶಟರನ್ನು ತಟ್ಟುತ್ತದೆ. ಗುಂಡಿಯ ತಿರುಪು ಉದ್ದವಾದರೆ ಅದೇ ಕೆಲಸವನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಮಾಡಿಬಿಡುತ್ತದೆ.

ಬ್ಯಾಗಿನ ಕಾಟ ಬೇರೆ ಇದೆ. ಎದ್ದು ನಿಂತ ಬಟನ್ನಿಗೆ ಬ್ಯಾಗಿನ ಗೋಡೆ ತಾಗಿದರೂ ಸಾಕು, ಒತ್ತಿದ ಹಾಗೆ. ಕ್ಯಾಮೆರಾ ಆನ್ ಇದ್ದರೆ ಅರ್ಧ ಒತ್ತಿದ ಸ್ಥಿತಿಯಲ್ಲೇ ಎಚ್ಚರವಾಗಿದ್ದು ಬ್ಯಾಟರಿ ಮುಗಿಸುತ್ತದೆ. ಒಳಗಿಡುವಾಗ ಸ್ವಿಚ್ ಆಫ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಫಿಲ್ಮ್ ಕಾಲದಲ್ಲಿ ನನಗೆ ಒಂದು ಕೆಟ್ಟ ಚಾಳಿ ಇತ್ತು. ಒಂದು ಫೋಟೋ ಹೊಡೆದ ಕೂಡಲೇ ಮುಂದಿನದಕ್ಕೆ ಲಿವರ್ ಎಳೆದು ತಯಾರಾಗಿ ಇಡುತ್ತಿದ್ದೆ. ಗುಂಡಿ ಹಾಕಿದ ಮೇಲೆ 36ರ ರೋಲು ಡೆವಲಪ್ ಮಾಡಿಸಿದರೆ ಅದರಲ್ಲಿ ನಾಲ್ಕು ಚಿತ್ರ ಬ್ಯಾಗಿನ ಒಳಮೈಯದ್ದು. ಬರೀ ಕತ್ತಲು. ಆವತ್ತಿನಿಂದ ಲಿವರ್ ಎಳೆಯುವುದು ಕ್ಯಾಮೆರಾ ಕಣ್ಣಿಗೆ ಬಂದ ಮೇಲೆಯೇ.

ಅರ್ಧ ಒತ್ತಿ ಫೋಕಸ್ ಮಾಡುವವರಿಗೆ ಮೊದಲ ವಾರ ಸ್ವಲ್ಪ ಗೊಂದಲ ಆಗುತ್ತದೆ. ಗೆಣ್ಣಿಗೆ ತುದಿಯಷ್ಟು ಸೂಕ್ಷ್ಮ ಇಲ್ಲ, ಅರ್ಧ ಎಲ್ಲಿ ಮುಗಿಯಿತು, ಪೂರ್ತಿ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಬೇಡದ ಫೋಟೋಗಳು ಬೀಳುತ್ತವೆ. ಅದು ಕಿರಿಕಿರಿ ಎನಿಸಿದರೆ ಮೆನುವಿನಲ್ಲಿ ಶಟರ್ ಎಎಫ್ (ಬಟನ್ ಅರ್ಧ ಒತ್ತಿದಾಗ ಫೋಕಸ್ ಆಗುವುದು) ಆಫ್ ಮಾಡಿ, ಫೋಕಸ್ ಕೆಲಸವನ್ನು ಹಿಂದಿನ ಬಟನ್ನಿಗೆ, ಹೆಬ್ಬೆರಳಿಗೆ ಕೊಟ್ಟುಬಿಡಿ.

ಈಗ ಆಗಲೇ ಬಾಕಿ ಉಳಿಸಿದ್ದ ಕಥೆ. ಪರೀಕ್ಷೆಯಲ್ಲಿ ಎರಡೂ ಸಾಲು ಚೆನ್ನಾಗಿ ಬಂದು, ಸಂಜೆಯ ಫೋಟೋಗಳು ಮಾತ್ರ ಕದಡಿದ್ದರೆ ಆ ಫೋಟೋಗಳ ಶಟರ್ ವೇಗ ಎಷ್ಟಿತ್ತು ನೋಡಿ. ಆಟೋ ಐಎಸ್‌ಓ ಸೆಟ್ಟಿಂಗಿನೊಳಗೆ ಕನಿಷ್ಠ ಶಟರ್ ವೇಗ ಎಂದು ಒಂದು ಸಾಲು ಇದೆ. ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ನಿಮ್ಮ ಸೆನ್ಸರ್ ಚಿಕ್ಕದಾದ್ದರಿಂದ 35 ಎಂಎಂ ಲೆನ್ಸ್ ಹೆಚ್ಚುಕಡಿಮೆ 53 ಎಂಎಂನಂತೆ ನೋಡುತ್ತದೆ. ಹಳೆಯ ಲೆಕ್ಕದಲ್ಲಿ 1/60 ಸಾಕು. ಆದರೆ 26 ಮೆಗಾಪಿಕ್ಸೆಲ್ ಫೋಟೋವನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡುವವರಿಗೆ ಸಾಲದು. 1/125ಕ್ಕೆ ಇಡಿ, ಗರಿಷ್ಠ ಐಎಸ್‌ಓವನ್ನು 6400ವರೆಗೆ ಬಿಡಿ. ಕಾಳುಕಾಳು ಬಂದರೆ ಆಮೇಲೆ ಒಂದಿಷ್ಟು ತೊಳೆಯಬಹುದು. ಅಲುಗಿದ್ದನ್ನು ತೊಳೆಯಲು ಬರುವುದಿಲ್ಲ. ಮನೆಯೊಳಗಿನ ಫೋಟೋದಲ್ಲಿ ಗೋಡೆ, ಮೇಜು ಸ್ಪಷ್ಟವಾಗಿದ್ದು ಮಕ್ಕಳ ಕೈ ಮಾತ್ರ ಕದಡಿದ್ದರೆ ಅಲುಗಿದ್ದು ನೀವಲ್ಲ, ಅವರು. ಅದಕ್ಕೂ ಮದ್ದು ವೇಗವೇ. ಅಲುಗದ ವಸ್ತುಗಳಲ್ಲೂ ಕಣ್ಣ ಮುಂದಿನದು ಮಸುಕು, ಹಿಂದಿನದು ಸ್ಪಷ್ಟ ಎಂದಾದರೆ ಫೋಕಸ್ ತಪ್ಪಿದೆ. ಶಟರ್ ಪರದೆ ಬಡಿದು ಬರುವ ನಡುಕದ ಬಗ್ಗೆ ಸಂಶಯ ಇದ್ದರೆ ಶಟರ್ ಬಗೆಯನ್ನು ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್‌ಗೆ (ಮೊದಲ ಪರದೆ ಬಡಿಯದ ಬಗೆ) ಬದಲಿಸಿ ಮುಂದೆ ಹೋಗಿ, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಪರೀಕ್ಷೆಯಲ್ಲಿ ಬೆರಳು ಸಿಕ್ಕಿಬಿದ್ದರೆ ಓ-ರಿಂಗ್ ಇರುವ, 10 ಮಿಲಿಮೀಟರಿನ, ಸ್ವಲ್ಪ ಉಬ್ಬಿದ ಹಿತ್ತಾಳೆ ಗುಂಡಿ ತಗೊಳ್ಳಿ. ಗೋಡೆಗೆ ಅಂಟಿಸಿದ ಹಾಳೆಯನ್ನು ಮಾತ್ರ ಅಲ್ಲಿಯವರೆಗೆ ಕೀಳಬೇಡಿ. ಗುಂಡಿ ಬಂದು, ಒಂದು ವಾರ ಗೆಣ್ಣಿನಿಂದ ಒತ್ತಿ ರೂಢಿಯಾದ ಮೇಲೆ ಅದೇ ಜಾಗದಲ್ಲಿ ನಿಂತು, ಅದೇ 1/30ರಲ್ಲಿ ಇನ್ನೊಂದು ಹನ್ನೆರಡು ತೆಗೆದು ಹಳೆಯ ಎರಡು ಸಾಲಿನ ಪಕ್ಕ ಇಟ್ಟು ನೋಡಿ. ಟೈಮರ್ ಸಾಲಿನ ಹತ್ತಿರಕ್ಕೆ ಬಂದಿದ್ದರೆ ಗುಂಡಿ ಅಲ್ಲೇ ಇರಲಿ. ಬಂದಿಲ್ಲದಿದ್ದರೆ ಅದನ್ನು ತೆಗೆದು, ಕಿರುಬೆರಳನ್ನು ಅಡಿಗೆ ಕೊಟ್ಟು ಮತ್ತೆ ಹನ್ನೆರಡು ಹೊಡೆಯಿರಿ.